ಹಸಿವು ಮತ್ತು ವ್ರತ: ರೋಜಾ, ಉಪವಾಸ, ಸಲ್ಲೇಖನ

ರಂಜಾನ್ ತಿಂಗಳ ಸಂಜೆ ಚನ್ನರಾಯಪಟ್ಟಣದ ಮಸೀದಿಗಳಲ್ಲಿ ಸೂರ್ಯಾಸ್ತದ ನಿರೀಕ್ಷೆ ಇರುತ್ತದೆ. ಸೂರ್ಯ ಮುಳುಗಿ ಮಗ್ರಿಬ್ ಅಜಾನ್ ಕೇಳಿಬಂದೊಡನೆ ಒಂದು ಖರ್ಜೂರ, ಒಂದು ಗುಟುಕು ನೀರಿನಿಂದ ಅಂದಿನ ಉಪವಾಸ ಮುಗಿಯುತ್ತದೆ. ಅಲ್ಲಿಂದ ಸುಮಾರು 12 ಕಿ.ಮೀ. ದೂರದ ಶ್ರವಣಬೆಳಗೊಳದಲ್ಲಿ ರಾತ್ರಿಭೋಜನ ತ್ಯಾಗದ ನಿಯಮವನ್ನು ಪಾಲಿಸುವ ಶ್ರಾವಕರು ಅಷ್ಟು ಹೊತ್ತಿಗೆ ಊಟ ಮುಗಿಸಿ ಕೈತೊಳೆದಿರುತ್ತಾರೆ. ಒಬ್ಬರಿಗೆ ಸೂರ್ಯನಿರುವಷ್ಟು ಕಾಲ ಆಹಾರ ನಿಷಿದ್ಧ, ಮತ್ತೊಬ್ಬರಿಗೆ ಸೂರ್ಯನಿಲ್ಲದ ಕಾಲದಲ್ಲಿ ಆಹಾರ ನಿಷಿದ್ಧ. ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧವಾದ ಆಚರಣೆಗಳು. ಆದರೆ ದೇಹದ ಹಸಿವನ್ನು ಒಂದು ಗಡಿಯೊಳಗೆ ನಿಲ್ಲಿಸಿ ಮನಸ್ಸನ್ನು ಹದಗೊಳಿಸಬೇಕೆಂಬ ಆಶಯ ಎರಡರಲ್ಲಿಯೂ ಇದೆ. ಈ ಸಾಮ್ಯ ಎಲ್ಲಿಯವರೆಗೆ ಸಾಗುತ್ತದೆ, ಎಲ್ಲಿ ಕವಲೊಡೆಯುತ್ತದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಹಾಸನ ಜಿಲ್ಲೆಯ ನೆಲದಲ್ಲಿ ಈ ಪ್ರಶ್ನೆಗೆ ವಿಶೇಷವಾದ ಅರ್ಥವಿದೆ. ಹೊಯ್ಸಳರ ಕಾಲದಲ್ಲಿ ಜೈನಧರ್ಮದ ಬಹುದೊಡ್ಡ ಕೇಂದ್ರವಾಗಿದ್ದ ಶ್ರವಣಬೆಳಗೊಳವು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿದೆ. ಅರಕಲಗೂಡಿನ ಸುತ್ತಲಿನ ಪ್ರದೇಶವನ್ನು ಹನ್ನೊಂದನೆಯ ಶತಮಾನದಲ್ಲಿ ಜೈನಮತಾವಲಂಬಿಗಳಾದ ಕೊಂಗಾಳ್ವರು ಆಳುತ್ತಿದ್ದರು. ಮುಂದೆ ಪಾಳೆಯಗಾರರ ಆಳ್ವಿಕೆಯಲ್ಲಿ ಹೊಳೆನರಸೀಪುರ, ಚನ್ನರಾಯಪಟ್ಟಣಗಳು ಕೋಟೆಯ ಊರುಗಳಾಗಿ ಬೆಳೆದವು. ಹೈದರಾಲಿಯ ಕಾಲದಲ್ಲಿ ಚನ್ನರಾಯಪಟ್ಟಣದ ಕೋಟೆಗೆ ನೀರಿನ ಕಂದಕ ಸೇರಿತು. ಇಂದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳಲ್ಲಿಯೂ ಏಕಾದಶಿಯ ಉಪವಾಸವೂ ರಂಜಾನಿನ ಉಪವಾಸವೂ ಒಂದೇ ಪೇಟೆಯ ಪರಿಚಿತ ಸಂಗತಿಗಳು. ನೆರೆಯವರ ವ್ರತವನ್ನು ಕಣ್ಣಾರೆ ಕಂಡವರು ಬಹಳ ಮಂದಿ. ಅದರ ಒಳಗಿನ ತತ್ತ್ವವನ್ನು ಅರಿತವರು ಕಡಿಮೆ.

ಇಸ್ಲಾಮಿನಲ್ಲಿ ಉಪವಾಸಕ್ಕೆ ಅರಬ್ಬಿ ಭಾಷೆಯಲ್ಲಿ 'ಸೌಮ್' ಎಂದು ಹೆಸರು. ತಡೆದುಕೊಳ್ಳುವುದು, ದೂರವಿರುವುದು ಎಂಬುದು ಆ ಶಬ್ದದ ಮೂಲಾರ್ಥ. ನಮ್ಮಲ್ಲಿ ಬಳಕೆಯಲ್ಲಿರುವ 'ರೋಜಾ' ಎಂಬುದು 'ದಿನ' ಎಂಬ ಅರ್ಥದ ಪಾರಸಿ ಶಬ್ದದಿಂದ ಬಂದದ್ದು. ಪ್ರವಾದಿ ಮುಹಮ್ಮದರು ಮಕ್ಕಾದಿಂದ ಮದೀನಕ್ಕೆ ವಲಸೆ ಬಂದ ಎರಡನೆಯ ವರ್ಷ, ಎಂದರೆ ಕ್ರಿ.ಶ. 624ರಲ್ಲಿ, ರಂಜಾನ್ ತಿಂಗಳ ಉಪವಾಸವು ಕಡ್ಡಾಯವಾಯಿತು. ಬೆಳಗಿನ ಜಾವ ಬಿಳಿಯ ಎಳೆ ಕರಿಯ ಎಳೆಯಿಂದ ಬೇರೆಯಾಗಿ ಕಾಣುವ ಹೊತ್ತಿನಿಂದ ಸೂರ್ಯಾಸ್ತದವರೆಗೆ ಅನ್ನ, ನೀರು, ದಾಂಪತ್ಯ ಸಂಬಂಧ ಈ ಮೂರರಿಂದಲೂ ದೂರವಿರಬೇಕೆಂಬುದು ವಿಧಿ. ಇದಕ್ಕೆ ಮುನ್ನ 'ನಿಯ್ಯತ್' ಅಗತ್ಯ. ನಿಯ್ಯತ್ ಎಂದರೆ ಸಂಕಲ್ಪ. ಸಂಕಲ್ಪವಿಲ್ಲದೆ ಇಡೀ ದಿನ ಹಸಿದಿದ್ದರೂ ಅದು ರೋಜಾ ಎನಿಸುವುದಿಲ್ಲ.

ಇಸ್ಲಾಮೀ ವರ್ಷವು ಶುದ್ಧ ಚಾಂದ್ರಮಾನದ್ದು. ಸುಮಾರು 354 ದಿನಗಳದ್ದು. ಅಧಿಕಮಾಸದ ಹೊಂದಾಣಿಕೆ ಅದರಲ್ಲಿಲ್ಲ. ಹೀಗಾಗಿ ರಂಜಾನ್ ತಿಂಗಳು ಪ್ರತಿವರ್ಷವೂ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಯೌವನದಲ್ಲಿ ಚಳಿಗಾಲದ ರೋಜಾ ಹಿಡಿದವನು ನಡುವಯಸ್ಸಿನಲ್ಲಿ ಬೇಸಗೆಯ ರೋಜಾವನ್ನು ಎದುರಿಸಬೇಕಾಗುತ್ತದೆ. ಸಮಭಾಜಕಕ್ಕೆ ಹತ್ತಿರವಿರುವ ಹಾಸನದ ಸೀಮೆಯಲ್ಲಿ ಹಗಲಿನ ಏರಿಳಿತ ಕಡಿಮೆಯಾದ್ದರಿಂದ ಉಪವಾಸದ ಅವಧಿ ಯಾವ ಋತುವಿನಲ್ಲಾದರೂ 12ರಿಂದ 14 ಗಂಟೆಗಳ ಆಸುಪಾಸಿನಲ್ಲಿರುತ್ತದೆ. ಉತ್ತರ ಯುರೋಪಿನ ಬೇಸಗೆಯಲ್ಲಿ ಅದು 18 ಗಂಟೆಗಳನ್ನೂ ಮೀರುವುದುಂಟು. ಅನುಕೂಲವಾದ ಋತುವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಈ ಪಂಚಾಂಗವು ವ್ರತಧಾರಿಗೆ ಕೊಡುವುದಿಲ್ಲ.

ಉಪವಾಸದ ಗುರಿಯನ್ನು ಕುರ್‌ಆನಿನ ಎರಡನೆಯ ಅಧ್ಯಾಯವು ಒಂದೇ ಶಬ್ದದಲ್ಲಿ ಹೇಳುತ್ತದೆ: 'ತಕ್ವಾ'. ದೇವಭೀತಿ ಎಂದು ಇದನ್ನು ಅನುವಾದಿಸುವುದು ರೂಢಿ. ಆದರೆ ಇದು ಹೆದರಿಕೆಯಲ್ಲ. ಸದಾ ಒಬ್ಬನ ಸನ್ನಿಧಿಯಲ್ಲಿದ್ದೇನೆಂಬ ಎಚ್ಚರ, ಆ ಎಚ್ಚರದಿಂದ ಹುಟ್ಟುವ ಸಂಯಮ. ಉಪವಾಸವು ಹಿಂದಿನ ಸಮುದಾಯಗಳಿಗೂ ವಿಹಿತವಾಗಿತ್ತೆಂದು ಅದೇ ಸಂದರ್ಭದಲ್ಲಿ ಹೇಳಿರುವುದು ಗಮನಾರ್ಹ. ಇಸ್ಲಾಂ ತನ್ನ ಉಪವಾಸವನ್ನು ಹೊಸದೊಂದು ಸೃಷ್ಟಿಯೆಂದು ಹೇಳಿಕೊಳ್ಳುವುದಿಲ್ಲ; ಹಳೆಯ ಸಾಧನೆಯೊಂದರ ಮುಂದುವರಿಕೆಯೆಂದು ಒಪ್ಪಿಕೊಳ್ಳುತ್ತದೆ.

ಪ್ರವಾದಿಯವರ ವಚನಗಳ ಸಂಗ್ರಹಗಳಾದ ಹದೀಸ್‌ಗಳಲ್ಲಿ ಈ ತತ್ತ್ವದ ವಿವರಣೆ ದೊರೆಯುತ್ತದೆ. ಸುಳ್ಳನ್ನೂ ಸುಳ್ಳಿನ ನಡತೆಯನ್ನೂ ಬಿಡದವನು ಅನ್ನನೀರುಗಳನ್ನು ಬಿಡುವುದರಿಂದ ದೇವರಿಗೆ ಆಗಬೇಕಾದ್ದೇನೂ ಇಲ್ಲ ಎಂಬ ಆಶಯದ ವಚನ ಬುಖಾರಿಯವರ ಸಂಗ್ರಹದಲ್ಲಿದೆ. ಎಷ್ಟೋ ಉಪವಾಸಿಗಳಿಗೆ ಹಸಿವಲ್ಲದೆ ಬೇರಾವ ಫಲವೂ ಸಿಗದೆಂಬ ಮಾತೂ ಪರಂಪರೆಯಲ್ಲಿದೆ. ಉಪವಾಸವು ತನಗಾಗಿಯೇ ಇರುವುದು, ಅದರ ಪ್ರತಿಫಲವನ್ನು ತಾನೇ ಕೊಡುವೆನೆಂದು ದೇವರು ನುಡಿದನೆಂಬ ಇನ್ನೊಂದು ವಚನಕ್ಕೆ ವಿದ್ವಾಂಸರು ನೀಡುವ ವಿವರಣೆ ಸ್ವಾರಸ್ಯಕರವಾಗಿದೆ. ನಮಾಜು ಕಣ್ಣಿಗೆ ಕಾಣುತ್ತದೆ, ದಾನವೂ ಹಜ್ ಯಾತ್ರೆಯೂ ಕಾಣುತ್ತವೆ. ಉಪವಾಸವಾದರೋ ಏನನ್ನೂ ಮಾಡುವುದಲ್ಲ, ಮಾಡದೆ ಇರುವುದು. ಬಾಗಿಲು ಹಾಕಿಕೊಂಡು ಒಂದು ಲೋಟ ನೀರು ಕುಡಿದರೆ ಲೋಕಕ್ಕೆ ತಿಳಿಯದು. ಕುಡಿಯದೆ ಇರುವವನು ಯಾರಿಗಾಗಿ ಕುಡಿಯಲಿಲ್ಲವೋ ಅವನಿಗೊಬ್ಬನಿಗೇ ಅದು ತಿಳಿದಿರುತ್ತದೆ.

ಈ ಚಿಂತನೆಗೆ ಶಾಸ್ತ್ರೀಯ ರೂಪ ಕೊಟ್ಟವರಲ್ಲಿ ಪಾರಸೀ ನಾಡಿನ ತೂಸ್ ನಗರದ ಇಮಾಮ್ ಅಲ್ ಗಜಾಲಿ (1058–1111) ಪ್ರಮುಖರು. ತಮ್ಮ 'ಇಹ್ಯಾ ಉಲೂಮಿದ್ದೀನ್' ಎಂಬ ಮಹಾಗ್ರಂಥದಲ್ಲಿ ಉಪವಾಸದ ರಹಸ್ಯಗಳಿಗೆಂದೇ ಒಂದು ಭಾಗವನ್ನು ಮೀಸಲಿಟ್ಟು ಅವರು ಮೂರು ಮೆಟ್ಟಿಲುಗಳನ್ನು ಗುರುತಿಸುತ್ತಾರೆ. ಮೊದಲನೆಯದು ಸಾಮಾನ್ಯರ ಉಪವಾಸ. ಹೊಟ್ಟೆಯನ್ನೂ ಕಾಮವನ್ನೂ ತಡೆಯುವುದು. ಎರಡನೆಯದು ವಿಶಿಷ್ಟರ ಉಪವಾಸ. ಕಣ್ಣು, ಕಿವಿ, ನಾಲಗೆ, ಕೈ, ಕಾಲುಗಳನ್ನು ಪಾಪದಿಂದ ತಡೆಯುವುದು. ಮೂರನೆಯದು ವಿಶಿಷ್ಟರಲ್ಲಿಯೂ ವಿಶಿಷ್ಟರದು. ದೇವರನ್ನುಳಿದು ಬೇರೊಂದು ಚಿಂತೆ ಹೃದಯಕ್ಕೆ ಬಾರದಂತೆ ನೋಡಿಕೊಳ್ಳುವುದು. ಹಗಲಿನಲ್ಲಿ ಬಿಟ್ಟದ್ದನ್ನೆಲ್ಲ ಸಂಜೆ ಒಮ್ಮೆಗೇ ತುಂಬಿಕೊಳ್ಳುವವನಿಗೆ ಉಪವಾಸದಿಂದ ಯಾವ ಪ್ರಯೋಜನವೆಂದು ಅವರು ಕೇಳಿದ ಪ್ರಶ್ನೆ ಇಂದಿನ ಇಫ್ತಾರ್ ಕೂಟಗಳಿಗೂ, ಫಲಾಹಾರದ ಹೆಸರಿನ ನಮ್ಮ ಹಬ್ಬದಡುಗೆಗಳಿಗೂ ಅನ್ವಯಿಸುವಂಥದು.

ಗಜಾಲಿಯವರ ಎರಡನೆಯ ಮೆಟ್ಟಿಲನ್ನು ಓದುವಾಗ ಕನ್ನಡ ನಾಡಿನ ಜೈನಾಚಾರ್ಯ ಪೂಜ್ಯಪಾದರ ನೆನಪಾಗದಿರದು. ಗಜಾಲಿಯವರಿಗಿಂತ ಹಲವು ಶತಮಾನ ಹಿಂದೆ, ತತ್ತ್ವಾರ್ಥಸೂತ್ರಕ್ಕೆ ಬರೆದ 'ಸರ್ವಾರ್ಥಸಿದ್ಧಿ' ವ್ಯಾಖ್ಯಾನದಲ್ಲಿ ಪೂಜ್ಯಪಾದರು 'ಉಪವಾಸ' ಶಬ್ದವನ್ನು ಬಿಡಿಸುತ್ತಾರೆ. ಶಬ್ದ, ರೂಪ ಮೊದಲಾದ ವಿಷಯಗಳತ್ತ ಓಡುವ ಉತ್ಸುಕತೆಯನ್ನು ತೊರೆದು ಐದು ಇಂದ್ರಿಯಗಳೂ ಹಿಂದಿರುಗಿ ಬಂದು ನೆಲೆಸುವುದೇ ಉಪವಾಸವೆಂಬುದು ಅವರ ನಿರ್ವಚನ. ಆಹಾರತ್ಯಾಗ ಇದರ ಹೊರರೂಪ. ಅಷ್ಟಮಿ, ಚತುರ್ದಶಿಗಳಲ್ಲಿ ಶ್ರಾವಕರು ಆಚರಿಸುವ ಪ್ರೋಷಧೋಪವಾಸವು ಇದೇ ತತ್ತ್ವದ ಮೇಲೆ ನಿಂತಿದೆ. ಹೊಟ್ಟೆ ತುಂಬುವ ಮೊದಲೇ ಕೈತೆಗೆಯುವ ಊನೋದರವನ್ನೂ ಜೈನಶಾಸ್ತ್ರವು ಒಂದು ತಪಸ್ಸೆಂದೇ ಎಣಿಸುತ್ತದೆ; ಇಫ್ತಾರಿನ ಮಿತಿಯ ಬಗ್ಗೆ ಗಜಾಲಿಯವರಿಗಿದ್ದ ಕಾಳಜಿಯೂ ಅದೇ. ಭಾಷೆ ಬೇರೆ, ನೆಲ ಬೇರೆ, ದರ್ಶನ ಬೇರೆ. ಒಂದು ಸೃಷ್ಟಿಕರ್ತನಾದ ದೇವರನ್ನು ಕೇಂದ್ರವಾಗಿ ಇರಿಸಿಕೊಂಡದ್ದು, ಮತ್ತೊಂದು ಸೃಷ್ಟಿಕರ್ತನನ್ನು ಒಪ್ಪದೆ ಆತ್ಮನನ್ನು ಕೇಂದ್ರವಾಗಿ ಇರಿಸಿಕೊಂಡದ್ದು. ಇಷ್ಟಾಗಿಯೂ ಹಸಿವನ್ನು ಉಪವಾಸವೆಂದು ಭ್ರಮಿಸಬಾರದೆಂಬಲ್ಲಿ ಎರಡೂ ಸೇರುತ್ತವೆ.

ಇಸ್ಲಾಂ ತನ್ನ ಉಪವಾಸಕ್ಕೆ ಹಾಕಿರುವ ಮಿತಿಗಳನ್ನೂ ಇಲ್ಲಿ ಗಮನಿಸಬೇಕು. ರೋಗಿಗೆ, ಪ್ರಯಾಣಿಕನಿಗೆ ರಿಯಾಯಿತಿಯಿದೆ. ಬಿಟ್ಟುಹೋದ ದಿನಗಳನ್ನು ಅವರು ಮುಂದೆ ತುಂಬಿಕೊಡಬಹುದು. ಗರ್ಭಿಣಿಗೂ ಹಾಲೂಡಿಸುವ ತಾಯಿಗೂ ವಿನಾಯಿತಿಯುಂಟು. ಶಕ್ತಿಗುಂದಿದ ವೃದ್ಧರು ಒಂದೊಂದು ದಿನಕ್ಕೆ ಒಬ್ಬೊಬ್ಬ ಬಡವನಿಗೆ ಉಣಬಡಿಸಿದರೆ ಸಾಕು. ದೇವರು ಬಯಸುವುದು ಸುಲಭವನ್ನೇ ಹೊರತು ಕಷ್ಟವನ್ನಲ್ಲ ಎಂಬ ಮಾತು ಉಪವಾಸದ ವಿಧಿಯ ಜೊತೆಯಲ್ಲಿಯೇ ಬರುತ್ತದೆ. ಸಂಜೆ ಬಿಡದೆ ದಿನದಿಂದ ದಿನಕ್ಕೆ ಉಪವಾಸವನ್ನು ಮುಂದುವರಿಸುವ 'ವಿಸಾಲ್' ಎಂಬ ಕ್ರಮವನ್ನು ಪ್ರವಾದಿಯವರು ತಮ್ಮ ಅನುಯಾಯಿಗಳಿಗೆ ನಿಷೇಧಿಸಿದರು. ಈದ್ ಹಬ್ಬದ ದಿನ ಉಪವಾಸ ಮಾಡುವುದೇ ತಪ್ಪು. ಕಷ್ಟ ಬಂದಿತೆಂದು ಯಾರೂ ಸಾವನ್ನು ಬಯಸಬಾರದೆಂಬ ವಚನವೂ ಇದೆ. ಪ್ರಾಣವು ದೇವರು ಕೊಟ್ಟ ಅಮಾನತ್ತು. ಅದನ್ನು ಹಿಂದಕ್ಕೆ ಪಡೆಯುವ ಹಕ್ಕು ಕೊಟ್ಟವನದು.

ಇಲ್ಲಿಗೆ ಬಂದಾಗ ಶ್ರವಣಬೆಳಗೊಳದ ಚಿಕ್ಕಬೆಟ್ಟವಾದ ಚಂದ್ರಗಿರಿಯ ಬಂಡೆಗಳು ಕಠಿಣವಾದ ಪ್ರಶ್ನೆಯೊಂದನ್ನು ಎದುರಿಗಿಡುತ್ತವೆ. ರೋಗ, ಮುಪ್ಪುಗಳಲ್ಲಿ ಇಸ್ಲಾಂ ತನ್ನ ಅನುಯಾಯಿಯನ್ನು ಉಪವಾಸದಿಂದ ಬಿಡುಗಡೆ ಮಾಡುತ್ತದೆ. ಜೈನಧರ್ಮದ ಅಂತಿಮ ಉಪವಾಸವಾದ ಸಲ್ಲೇಖನವು ತೊಡಗುವುದೇ ಅಂಥ ಸ್ಥಿತಿಯಲ್ಲಿ. ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಒದಗಿದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದು ಸಲ್ಲೇಖನವೆಂದು ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ' ನಿರೂಪಿಸುತ್ತದೆ. ಹಾಗಾದರೆ ಎರಡೂ ಪರಂಪರೆಗಳ ಸಾಮ್ಯ ಇಲ್ಲಿಗೆ ಮುಗಿಯಿತೆ?

ಉತ್ತರವನ್ನು ಹುಡುಕುವ ಮುನ್ನ ಸಲ್ಲೇಖನದ ಕ್ರಮವನ್ನು ನೋಡಬೇಕು. ಅದು ಆಹಾರತ್ಯಾಗದಿಂದ ಆರಂಭವಾಗುವುದಿಲ್ಲ. ಮೊದಲು ಸ್ನೇಹ, ವೈರ, ಪರಿಗ್ರಹಗಳನ್ನು ಬಿಡಬೇಕು. ಬಂಧುಗಳನ್ನೂ ಪರಿಜನರನ್ನೂ ಕ್ಷಮಿಸಿ ಅವರಿಂದ ಕ್ಷಮೆಯನ್ನು ಬೇಡಬೇಕು. ಮಾಡಿದ ತಪ್ಪುಗಳನ್ನು ಕಪಟವಿಲ್ಲದೆ ಆಲೋಚನೆ ಮಾಡಿಕೊಳ್ಳಬೇಕು. ಶೋಕ, ಭಯ, ವಿಷಾದಗಳನ್ನು ದಾಟಬೇಕು. ಆ ಬಳಿಕ ಕ್ರಮಕ್ರಮವಾಗಿ ಘನಾಹಾರದಿಂದ ಹಾಲಿನಂಥ ಪಾನೀಯಗಳಿಗೆ, ಅಲ್ಲಿಂದ ನೀರಿಗೆ, ಕೊನೆಗೆ ಪೂರ್ಣ ಉಪವಾಸಕ್ಕೆ ಸಾಗಬೇಕು. ಕಾಯವನ್ನು ಕೃಶಗೊಳಿಸುವುದರ ಜೊತೆಗೆ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳನ್ನೂ ಕೃಶಗೊಳಿಸುವುದು ಸಲ್ಲೇಖನ. ಎರಡನೆಯದಿಲ್ಲದ ಮೊದಲನೆಯದು ನಿರರ್ಥಕ. ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಐದು ಅತಿಚಾರಗಳನ್ನು, ಎಂದರೆ ವ್ರತವನ್ನು ಕೆಡಿಸುವ ದೋಷಗಳನ್ನು, ಹೇಳುತ್ತದೆ: ಇನ್ನೂ ಬದುಕಬೇಕೆಂಬ ಆಸೆ, ಬೇಗ ಸಾಯಬೇಕೆಂಬ ಆಸೆ, ಮಿತ್ರರ ಮೇಲಣ ಅನುರಾಗ, ಹಿಂದಿನ ಸುಖಗಳ ಸ್ಮರಣೆ, ಮುಂದಿನ ಜನ್ಮದ ಭೋಗಗಳ ಬಯಕೆ. ಸಾವನ್ನು ಬಯಸುವುದು ಸಲ್ಲೇಖನದ ಲಕ್ಷಣವಲ್ಲ, ಅದರ ದೋಷ. ಸಾವನ್ನು ಬಯಸಬಾರದೆಂಬ ಹದೀಸಿನ ಎಚ್ಚರಿಕೆಗೂ ಈ ಅತಿಚಾರಕ್ಕೂ ಇರುವ ಹೋಲಿಕೆ ಆಕಸ್ಮಿಕವಾಗಿರಬಹುದು. ಆದರೆ ಅದು ಅಲ್ಪವಾದುದಲ್ಲ.

ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ ಅದು 500ಕ್ಕೆ ಏರಿತು. 1973ರ ಪರಿಷ್ಕೃತ ಸಂಪುಟದಲ್ಲಿ 573 ಶಾಸನಗಳಿವೆ. ಕ್ರಿ.ಶ. 600ರ ಸುಮಾರಿನಿಂದ ತೊಡಗಿ ಹಲವು ಶತಮಾನಗಳ ಕಾಲ ಇಲ್ಲಿ ಮುನಿಗಳು, ಅರ್ಜಿಕೆಯರು, ಅರಸರು, ಗೃಹಿಣಿಯರು ಸಮಾಧಿಮರಣವನ್ನು ಪಡೆದ ದಾಖಲೆಗಳು ಇವುಗಳಲ್ಲಿ ಹೇರಳವಾಗಿವೆ. ಷ. ಶೆಟ್ಟರ್ ಅವರು ಈ ದಾಖಲೆಗಳನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಗಂಗರ ಅರಸ ಮಾರಸಿಂಹನು ರಾಜ್ಯವನ್ನು ತೊರೆದು ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಮೂರು ದಿನಗಳ ವ್ರತದಿಂದ ದೇಹ ಬಿಟ್ಟ ಸಂಗತಿಯನ್ನು ಚಂದ್ರಗಿರಿಯ ಕೂಗೆ ಬ್ರಹ್ಮದೇವ ಸ್ತಂಭದ ಶಾಸನ ಹೇಳುತ್ತದೆ. ರಾಷ್ಟ್ರಕೂಟ ವಂಶದ ಕೊನೆಯ ಕುಡಿಯಾದ ನಾಲ್ಕನೆಯ ಇಂದ್ರನು 982ರಲ್ಲಿ ಇಲ್ಲಿಯೇ ಸಲ್ಲೇಖನದಿಂದ ಮಡಿದನು.

ಇವುಗಳಲ್ಲಿ ಓದುಗನನ್ನು ಹೆಚ್ಚು ಕಾಡುವ ದಾಖಲೆ ಅರಸರದಲ್ಲ, ಒಬ್ಬ ತಾಯಿಯದು. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲದೇವಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಆಕೆಯ ತಾಯಿ ಮಾಚಿಕಬ್ಬೆ ಜಿನಭಕ್ತೆ, ತಂದೆ ಮಾರಸಿಂಗಯ್ಯ ಶಿವಭಕ್ತ. ಮಗಳ ಮರಣದ ಸುದ್ದಿ ತಿಳಿದ ಮಾಚಿಕಬ್ಬೆ ತಾನಿನ್ನು ಉಳಿಯಲಾರೆನೆಂದು ಬೆಳಗೊಳಕ್ಕೆ ಬಂದು ಸನ್ಯಸನವನ್ನು ಕೈಗೊಂಡಳು. ಪಂಚಪದಗಳನ್ನು ಜಪಿಸುತ್ತ, ಒಂದು ತಿಂಗಳು ಉಪವಾಸವಿದ್ದು ಸಮಾಧಿಯನ್ನು ಪಡೆದಳೆಂದು ಶಾಸನ ಹೇಳುತ್ತದೆ.

ಇದು ವ್ರತವೋ, ಶೋಕವೋ? ಶಾಸನಕವಿಯೇ ಮಗಳ ಅಗಲಿಕೆಯನ್ನು ಕಾರಣವಾಗಿ ಸೂಚಿಸಿರುವುದರಿಂದ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಶೋಕದಿಂದ ಸಾಯಬಯಸಿದರೆ ಶಾಸ್ತ್ರದ ಪ್ರಕಾರ ಅದು ಅತಿಚಾರ. ಮಗಳ ಮೇಲಣ ಮೋಹವೂ ದೋಷವೇ. ಆದರೆ ದುಃಖದ ಮೊದಲ ಆವೇಗದಲ್ಲಿ ನಡೆದುಹೋಗುವ ಕೃತ್ಯಕ್ಕೂ ಒಂದು ತಿಂಗಳ ಕಾಲ ಪ್ರತಿದಿನವೂ ಮರುವಿಚಾರಕ್ಕೆ ಎಡೆಯಿರುವ ವ್ರತಕ್ಕೂ ಅಂತರವಿದೆ. ಗುರುಗಳ ಎದುರಿನಲ್ಲಿ, ಭವ್ಯಜನರ ಸಮಕ್ಷಮದಲ್ಲಿ ಕಳೆದ ಆ ಅವಧಿಯಲ್ಲಿ ಶೋಕವು ಕರಗಿ ವೈರಾಗ್ಯವಾಯಿತೆಂಬುದು ಶಾಸನದ ನಂಬಿಕೆ. ಹೊರಗಿನವರು ಅದನ್ನು ಅಳೆಯಲಾರರು. ಅನ್ನವನ್ನು ಬಿಟ್ಟದ್ದು ಕಾಣುತ್ತದೆ. ಬಿಟ್ಟವರ ಅಂತರಂಗ ಕಾಣುವುದಿಲ್ಲ. ರೋಜಾದ ಬಗ್ಗೆ ಮುಸ್ಲಿಂ ವಿದ್ವಾಂಸರು ಹೇಳಿದ ಮಾತೂ ಇದೇ ಅಲ್ಲವೆ?

ಅಂತರಂಗವು ಕಾಣದೆಂಬ ಕಾರಣದಿಂದಲೇ ಜೈನಪರಂಪರೆಯು ಗುರುವಿನ ಅನುಮತಿಗೆ ಮಹತ್ತ್ವ ಕೊಟ್ಟಿತು. ಸಮಂತಭದ್ರರ ಕುರಿತಾದ ಐತಿಹ್ಯವೊಂದು ಇದಕ್ಕೆ ನಿದರ್ಶನ. ಎಷ್ಟು ಉಂಡರೂ ಹಸಿವು ಅಡಗದ ಭಸ್ಮಕವ್ಯಾಧಿ ಅವರನ್ನು ಬಾಧಿಸಿತು. ಮುನಿಚರ್ಯೆಯನ್ನು ಕಾಪಾಡಿಕೊಳ್ಳಲಾಗದೆ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ನಿರಾಕರಿಸಿದರು. ಇವರಿಂದ ಇನ್ನೂ ಧರ್ಮಪ್ರಭಾವನೆ ಆಗಬೇಕಿದೆ, ಮೊದಲು ರೋಗವನ್ನು ಗುಣಪಡಿಸಿಕೊಳ್ಳಲಿ ಎಂಬುದು ಅವರ ಅಭಿಪ್ರಾಯವಾಗಿತ್ತು. ಸಮಂತಭದ್ರರು ಭಸ್ಮಕವನ್ನು ಗೆದ್ದ ಸಂಗತಿಯನ್ನು 1129ರ ಮಲ್ಲಿಷೇಣ ಪ್ರಶಸ್ತಿ ಎಂಬ ಚಂದ್ರಗಿರಿಯ ಶಾಸನವೂ ಸ್ಮರಿಸುತ್ತದೆ. ಸಲ್ಲೇಖನದ ಲಕ್ಷಣವನ್ನು ಹೇಳಿದ ಆಚಾರ್ಯರಿಗೇ ಒಮ್ಮೆ ಸಲ್ಲೇಖನ ನಿರಾಕೃತವಾಗಿತ್ತೆಂದು ಪರಂಪರೆ ನೆನಪಿಟ್ಟುಕೊಂಡಿರುವುದು ಅರ್ಥಪೂರ್ಣವಾಗಿದೆ. ಗುಣವಾಗಬಲ್ಲ ರೋಗಿಗೆ ಔಷಧವೇ ಧರ್ಮ. ಈ ವಿವೇಕವು, ರೋಗಿಯು ಉಪವಾಸ ಬಿಡಲಿ ಎಂಬ ಇಸ್ಲಾಮಿನ ವಿವೇಕಕ್ಕೆ ಬಹಳ ಹತ್ತಿರದ್ದು.

ಹೀಗೆಂದು ಎರಡರ ಭೇದವನ್ನು ಅಳಿಸಿಹಾಕುವುದು ಸರಿಯಲ್ಲ. ಸಲ್ಲೇಖನವನ್ನು ಇಸ್ಲಾಂ ಒಪ್ಪಲಾರದು. ಪ್ರಾಣವು ದೇವರ ಅಮಾನತ್ತು ಎಂಬ ನಂಬಿಕೆಗೆ ಪ್ರತಿಯೊಂದು ಉಪವಾಸವೂ ಸಂಜೆಯ ಅಗುಳಿನಲ್ಲಿ ಮುಗಿಯಲೇಬೇಕು. ದೇಹವು ಕರ್ಮದಿಂದ ಒದಗಿದ್ದು, ಆತ್ಮವೊಂದೇ ನಿಜವಾಗಿ ತನ್ನದು ಎಂಬ ದರ್ಶನಕ್ಕೆ ಮಾತ್ರ, ಪಾರಣೆಯಿಲ್ಲದ ಉಪವಾಸವೊಂದು ಬದುಕಿನ ಕೊನೆಯಲ್ಲಿ ಸಾಧ್ಯವಾಗುತ್ತದೆ. ಎರಡು ದರ್ಶನಗಳ ಅಂತರವಿದು. ಸೌಜನ್ಯದ ಮಾತುಗಳಿಂದ ಇದನ್ನು ಮುಚ್ಚಬೇಕಾಗಿಲ್ಲ.

ಈ ಅಂತರದ ಅರಿವು ಇಂದಿಗೂ ಅಗತ್ಯವೆಂಬುದನ್ನು 2015ರ ಘಟನೆ ತೋರಿಸಿತು. ಆ ವರ್ಷದ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು, ಸಲ್ಲೇಖನದ ಶ್ವೇತಾಂಬರ ರೂಪವಾದ ಸಂಥಾರಾವನ್ನು ಆತ್ಮಹತ್ಯೆಗೆ ಸಮವೆಂದು ಪರಿಗಣಿಸಿ ಶಿಕ್ಷಾರ್ಹವೆಂದಿತು. ದೇಶದಾದ್ಯಂತ ಜೈನರು ಮೌನ ಮೆರವಣಿಗೆ ನಡೆಸಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಮುಪ್ಪಿನವರ ಮೇಲೆ, ಅದರಲ್ಲಿಯೂ ಅಸಹಾಯಕರ ಮೇಲೆ ಒತ್ತಡ ಬೀಳಬಾರದೆಂಬ ಆತಂಕ ನಿರಾಧಾರವಾದುದಲ್ಲ; ಅಂಥ ಒತ್ತಡವಿದ್ದಲ್ಲಿ ಅದು ಸಲ್ಲೇಖನವಾಗದೆಂದು ಶಾಸ್ತ್ರವೇ ಹೇಳುತ್ತದೆ. ಆದರೆ ಖಾಲಿಯಾದ ತಟ್ಟೆಯೊಂದನ್ನೇ ಸಾಕ್ಷಿಯಾಗಿಟ್ಟುಕೊಂಡು ವ್ರತವನ್ನೂ ಆತ್ಮಹತ್ಯೆಯನ್ನೂ ಒಂದೆಂದು ತೀರ್ಮಾನಿಸಿದರೆ, ಸಾವಿನ ಬಯಕೆಯೇ ದೋಷವೆಂದು ಸಾವಿರಾರು ವರ್ಷಗಳಿಂದ ಹೇಳುತ್ತ ಬಂದ ಪರಂಪರೆಯನ್ನು ಓದದೆ ತೀರ್ಪಿತ್ತಂತಾಗುತ್ತದೆ. ರೋಜಾವನ್ನು ಬರಿಯ ಹಗಲು ಹಸಿವೆಂದೂ ರಾತ್ರಿಯ ಔತಣವೆಂದೂ ತಿಳಿಯುವವರ ತಪ್ಪೂ ಇದೇ ಬಗೆಯದು.

ಉಪವಾಸದ ಬೆಲೆಯನ್ನು ನಿರ್ಧರಿಸುವುದು ಎಷ್ಟು ಹೊತ್ತು ಹಸಿದಿದ್ದರೆಂಬುದಲ್ಲ, ಆ ಹಸಿವು ಮನುಷ್ಯನನ್ನು ಎಲ್ಲಿಗೆ ಒಯ್ದಿತೆಂಬುದು. ಈದ್ ನಮಾಜಿಗೆ ಹೊರಡುವ ಮುನ್ನ ಬಡವರಿಗೆ ಫಿತ್ರ್ ದಾನವನ್ನು ಸಲ್ಲಿಸಬೇಕೆಂಬ ನಿಯಮವಿದೆ. ತಿಂಗಳ ಹಸಿವು ನೆರೆಯವನ ಹಸಿವನ್ನು ತಿಳಿಸದೆ ಹೋದರೆ ಹಬ್ಬ ಅಪೂರ್ಣ. ಸಲ್ಲೇಖನಕ್ಕೆ ತೊಡಗುವ ಮುನ್ನ ಎಲ್ಲರ ಕ್ಷಮೆಯನ್ನು ಬೇಡಬೇಕೆಂಬ ನಿಯಮವಿದೆ. ಒಂದು ವೈರ ಉಳಿದಿದ್ದರೂ ವ್ರತ ಅಪೂರ್ಣ. ಸಂಜೆಯ ಹೊತ್ತು ಚನ್ನರಾಯಪಟ್ಟಣದಲ್ಲಿ ಖರ್ಜೂರವನ್ನು ಕೈಗೆತ್ತಿಕೊಳ್ಳುವವರೂ ಶ್ರವಣಬೆಳಗೊಳದಲ್ಲಿ ಊಟ ಮುಗಿಸಿ ಕೈತೊಳೆಯುವವರೂ ಇಷ್ಟನ್ನು ಪರಸ್ಪರ ಅರಿತರೆ, ಒಬ್ಬರ ವ್ರತ ಇನ್ನೊಬ್ಬರಿಗೆ ವಿಚಿತ್ರವಾಗಿ ತೋರಲಾರದು.